ಪಾಸಾದ ಮೇಲೂ ಪರೀಕ್ಷೆ ಬರೆದೆ

2025ರ ಏಪ್ರಿಲ್ 8. ಹಾಸ್ಟೆಲಿನ ಫರಸಿ ನೆಲದ ಮೇಲೆ ನಾಲ್ವರು ಹುಡುಗಿಯರು ಒಂದೇ ಮೊಬೈಲಿನ ಸುತ್ತ ಬೋರಲು ಮಲಗಿದ್ದೆವು. ಮೇಲೆ ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ತಿರುವಿ ಕೊಡುತ್ತಿತ್ತು, ತಂಪು ಅಂತ ಇದ್ದದ್ದು ಆ ಶಹಾಬಾದ್ ಕಲ್ಲು ಮಾತ್ರ. ದ್ವಿತೀಯ ಪಿಯು ರಿಸಲ್ಟ್ ಬಿಟ್ಟಿದ್ದರು. ನನ್ನ ನಂಬರು ಹೊಡೆದಾಗ ಬಂದದ್ದು: ಕನ್ನಡ 88, ಇಂಗ್ಲಿಷ್ 67, ಭೌತಶಾಸ್ತ್ರ 64, ರಸಾಯನಶಾಸ್ತ್ರ 71, ಗಣಿತ 58, ಜೀವಶಾಸ್ತ್ರ 76. ಒಟ್ಟು 600ಕ್ಕೆ 424. ಫಸ್ಟ್ ಕ್ಲಾಸ್.

ಅಪ್ಪನಿಗೆ ಫೋನು ಮಾಡಿದೆ. ಚಿತ್ತಾಪುರ ತಾಲೂಕಿನ ನಮ್ಮೂರಿನಲ್ಲಿ ಸಿಗ್ನಲ್ ಸಿಗುವುದು ಹನುಮಪ್ಪನ ಗುಡಿ ಕಟ್ಟೆ ಹತ್ತಿರ. ಅಲ್ಲೇ ನಿಂತು ಕೂಗಿದರಂತೆ, "ನಮ್ ಹುಡುಗಿ ಪಾಸಾಗ್ಯಾಳ ನೋಡ್ರಿ!" ಅವರ ಸಂತೋಷದಲ್ಲಿ ತಪ್ಪೇನಿಲ್ಲ. ಆ ವರ್ಷ ಉಡುಪಿ ಜಿಲ್ಲೆ 93.90 ಪರ್ಸೆಂಟ್ ತೆಗೆದು ಮೊದಲು ನಿಂತರೆ, ನಮ್ಮ ಪಕ್ಕದ ಯಾದಗಿರಿ 48.45ಕ್ಕೆ ಕೊನೆಗೆ ನಿಂತಿತ್ತು. ಆಮೇಲೆ ಬಂದ ಎಸ್ಸೆಸ್ಸೆಲ್ಸಿ ರಿಸಲ್ಟಿನಲ್ಲಂತೂ ನಮ್ಮ ಕಲಬುರಗಿಯೇ 42.43ರೊಂದಿಗೆ ರಾಜ್ಯಕ್ಕೆ ಕೊನೆ. ಇಂಥ ಸೀಮೆಯಲ್ಲಿ ಸೈನ್ಸ್ ತಗೊಂಡು, ಕನ್ನಡ ಶಾಲೆಯಿಂದ ಬಂದು, ಇಂಗ್ಲಿಷಿನಲ್ಲಿ ಬರೆದು ಫಸ್ಟ್ ಕ್ಲಾಸ್ ಬಂದ ಮೇಲೆ ಹುಡುಗಿ ಯಾಕೆ ಅಳುತ್ತಾಳೆ ಅನ್ನುವುದು ಯಾರಿಗೂ ತಿಳಿಯಲಿಲ್ಲ. ಖರೇ ಹೇಳಬೇಕೆಂದರೆ ನಾನೂ ಅವತ್ತು ಅತ್ತಿರಲಿಲ್ಲ. ಅತ್ತದ್ದು ಮರುದಿನ.

ಮರುದಿನ ಕಾಲೇಜಿಗೆ ಹೋದಾಗ ಮ್ಯಾಥ್ಸ್ ಸರ್ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕುಳಿತಿದ್ದರು.

"ಪಿಸಿಎಂ ಎಷ್ಟ ಬಂತು ತಂಗಿ?"

"193 ರೀ ಸರ್." ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಸೇರಿ.

"ಇಂಜಿನಿಯರಿಂಗ್ ಹೋಗ್ತೀನಂತಿದ್ದಿ, ಹೌದಿಲ್ಲೋ?"

"ಹೌದ್ರೀ. ಸಿಇಟಿ ಇನ್ನೂ ಅದಲ್ರೀ ಸರ್, 16ನೇ ತಾರೀಖು." ಸಿಇಟಿ ಅಂದರೆ ಇಂಜಿನಿಯರಿಂಗ್ ಸೀಟಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ.

ಅವರು ನಕ್ಕರು. "ಅರ್ಧ ಸಿಇಟಿ ನಿನ್ನೆನೇ ಮುಗೀತಲ್ಲೇ."

ಅಟೆಂಡೆನ್ಸ್ ಹಾಳೆಯ ಹಿಂದುಗಡೆ ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಪಿಸಿಎಂನ ಮುನ್ನೂರು ಅಂಕವನ್ನು ಐವತ್ತಕ್ಕೆ ಇಳಿಸುತ್ತಾರೆ. ಸಿಇಟಿಯ ಮೂರು ವಿಷಯ, ಒಂದೊಂದಕ್ಕೆ 60ರಂತೆ 180 ಅಂಕ, ಅದನ್ನೂ ಐವತ್ತಕ್ಕೆ ಇಳಿಸುತ್ತಾರೆ. ಎರಡೂ ಕೂಡಿಸಿ ನೂರಕ್ಕೆ ಎಷ್ಟು ಬಂತೋ ಅದರ ಮೇಲೆ ರ‍್ಯಾಂಕು. ನನ್ನ 193 ಅಂದರೆ ಐವತ್ತಕ್ಕೆ 32.17. ಸಿಇಟಿ ಹಾಲಿಗೆ ಕಾಲಿಡುವ ಮೊದಲೇ ನಾನು ಹದಿನೆಂಟು ಪಾಯಿಂಟು ಹತ್ತಿರ ಹತ್ತಿರ ಕಳೆದುಕೊಂಡಿದ್ದೆ.

ಅತ್ತದ್ದು ಇಲ್ಲಿ.

ನನಗೆ ಇದು ಗೊತ್ತೇ ಇರಲಿಲ್ಲವಾ ಅಂದರೆ, ಎಲ್ಲೋ ಕೇಳಿದ್ದೆ. ಆದರೆ ಕಿವಿಗೆ ಹಾಕಿಕೊಂಡಿರಲಿಲ್ಲ. ಎರಡು ವರ್ಷ ಸಂಜೆ ಹೋಗುತ್ತಿದ್ದ ಕೋಚಿಂಗಿನಲ್ಲಿ ಒಂದೇ ಮಾತು: ಬೋರ್ಡ್ ಪಾಸಾದರೆ ಸಾಕು, ಸೀಟು ಕೊಡೋದು ಸಿಇಟಿ. ನನ್ನ ಮಾವನ ಮಗನೂ ಹಾಗೇ ಹೇಳುತ್ತಿದ್ದ. ಅವನ ಮಾತು ಅವನ ಕಾಲಕ್ಕೆ ಸರಿ. ಅವನದು 2021ರ ಬ್ಯಾಚು, ಕೊರೊನಾದಿಂದ ಪಿಯು ಪರೀಕ್ಷೆಯೇ ನಡೆಯಲಿಲ್ಲ, ಆ ವರ್ಷ ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕು ಕೊಟ್ಟರು. ಆ ಒಂದು ವರ್ಷದ ಲೆಕ್ಕ ನಮ್ಮ ಕಡೆ ನಾಲ್ಕು ವರ್ಷ ಓಡಾಡಿತು. ನಾನಂತೂ ಅದನ್ನೇ ನಂಬಿ ಫೆಬ್ರುವರಿ ಪೂರ್ತಿ ನಾಲ್ಕು ಆಪ್ಷನ್ನಿನಲ್ಲಿ ಒಂದಕ್ಕೆ ಗುಂಡು ಸುತ್ತುವುದರಲ್ಲೇ ಕಳೆದಿದ್ದೆ.

"ಈಗೇನ್ ಮಾಡ್ಬೇಕ್ರೀ ಸರ್?"

"ಎಕ್ಸಾಮ್ ಟೂ ಬರಿ."

"ನಾ ಪಾಸಾಗೀನಿ ಅಲ್ರೀ."

"ಪಾಸಾದವ್ರೂ ಬರೀಬಹುದು. ಹೆಚ್ಚು ಬಂದ್ರ ಅದು ನಿಂದು, ಕಡಿಮಿ ಬಂದ್ರ ಹಳೇದು ಎಲ್ಲೂ ಹೋಗಂಗಿಲ್ಲ."

2024ರಿಂದ ಈ ಪದ್ಧತಿ ಬಂದಿದೆ. ಮೊದಲಿನ ಸಪ್ಲಿಮೆಂಟರಿ ತೆಗೆದು ಪರೀಕ್ಷೆ 1, 2, 3 ಅಂತ ಮಾಡಿದರು. ಯಾವ ವಿಷಯ ಬೇಕೋ ಅದನ್ನಷ್ಟೇ ಮತ್ತೆ ಬರೆಯಬಹುದು, ವಿಷಯವಾರು ಯಾವುದು ಹೆಚ್ಚೋ ಅದನ್ನು ಇಟ್ಟುಕೊಳ್ಳುತ್ತಾರೆ. ಆ ವರ್ಷ ಪರೀಕ್ಷೆ 2 ಶುರುವಾಗುವುದು ಏಪ್ರಿಲ್ 24ಕ್ಕೆ. ಸಿಇಟಿ 16, 17ಕ್ಕೆ. ನಡುವೆ ಒಂದೇ ವಾರ.

ಯಾವ ವಿಷಯ ಬರೆಯಬೇಕು ಅನ್ನುವುದಕ್ಕೂ ಸರ್ ಒಂದು ಲೆಕ್ಕ ಹೇಳಿದರು, ಅದು ನನಗೆ ಬಹಳ ಹಿಡಿಸಿತು. ಪ್ರಾಕ್ಟಿಕಲ್ ಮತ್ತು ಇಂಟರ್ನಲ್ ಅಂಕ ಬದಲಾಗುವುದಿಲ್ಲ, ಮತ್ತೆ ಬರೆಯುವುದು ಥಿಯರಿ ಮಾತ್ರ. ಫಿಸಿಕ್ಸ್‌ನಲ್ಲಿ ಪ್ರಾಕ್ಟಿಕಲ್ 30ಕ್ಕೆ 29 ಬಂದಿತ್ತು. ಅಂದರೆ ಥಿಯರಿ 70ಕ್ಕೆ ಬರೀ 35. ಮ್ಯಾಥ್ಸ್‌ನಲ್ಲಿ ಇಂಟರ್ನಲ್ 20ಕ್ಕೆ 20, ಥಿಯರಿ 80ಕ್ಕೆ 38. ಒಟ್ಟು ಅಂಕ ನೋಡಿದರೆ ತಿಳಿಯದ ಗುಂಡಿ ಹೀಗೆ ಬಿಡಿಸಿದಾಗ ಕಣ್ಣಿಗೆ ಹೊಡೆಯುತ್ತದೆ. ಕೆಮಿಸ್ಟ್ರಿ 71 ಇರಲಿ, ಅದಕ್ಕೆ ದಿನ ಹಾಕಬೇಡ ಅಂದರು. ಕನ್ನಡ, ಇಂಗ್ಲಿಷ್, ಬಯಾಲಜಿ ಇಂಜಿನಿಯರಿಂಗ್ ಲೆಕ್ಕಕ್ಕೇ ಬರುವುದಿಲ್ಲ. ಎರಡೇ ವಿಷಯಕ್ಕೆ ಫೀಸು ಕಟ್ಟಿದೆ. ಮ್ಯಾಥ್ಸಿನ ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿಗೂ 530 ರೂಪಾಯಿ ಕಟ್ಟಿದೆ. ಅಪ್ಪ ಕೇಳಿದರು, "ಅದ್ಯಾಕ್ ಬೇಕು? ಬರದದ್ದು ನೀನೇ ಅಲ್ಲೇನು, ನಿನಗ ಗೊತ್ತಿರಂಗಿಲ್ಲೇನು?"

ಗೊತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು.

ಸಿಇಟಿ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪಾದರೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಯ ಐದು ನಿಮಿಷ ದೇವರ ಮೇಲೆ ಭಾರ ಹಾಕಿ ಗುಂಡು ಸುತ್ತಿದೆ. ಕೀ ಉತ್ತರ ಬಿಟ್ಟ ಮೇಲೆ ತಾಳೆ ನೋಡಿದರೆ ಮೂರೂ ಸೇರಿ 73 ಬರುವ ಹಾಗಿತ್ತು. ಎರಡು ವರ್ಷದ ಕೋಚಿಂಗಿನ ಫಲ ಐವತ್ತಕ್ಕೆ 20 ಚಿಲ್ಲರೆ.

ಅವತ್ತೇ ರಾತ್ರಿ ಮತ್ತೊಂದು ಲೆಕ್ಕ ಹಾಕಿದೆ. ಸಿಇಟಿಯ ಒಂದು ಅಂಕಕ್ಕೆ ರ‍್ಯಾಂಕಿನ ನೂರರಲ್ಲಿ 0.28, ಪಿಯು ಒಂದು ಅಂಕಕ್ಕೆ 0.17. ಅಂದರೆ ಪಿಯುದ ಐದು ಅಂಕ ಸಿಇಟಿಯ ಮೂರು ಅಂಕಕ್ಕೆ ಸಮ. ಸಿಇಟಿ ಅಂಕಕ್ಕೇ ತೂಕ ಜಾಸ್ತಿ, ನಿಜ. ಆದರೆ ಸಿಇಟಿಯಲ್ಲಿ ಇನ್ನೊಂದು ಮೂರು ಅಂಕ ತೆಗೆಯಲು ನಾನು ಪಟ್ಟ ಪಾಡು ನನಗೆ ಗೊತ್ತು. ಪಿಯುದಲ್ಲಿ ಐದು ಅಂಕ ಅಂದರೆ ಒಂದು ಡೆರಿವೇಶನ್ನು. ಬಾಯಿಪಾಠ ಮಾಡಿಯಾದರೂ ಬರೆಯಬಹುದು.

ಹಾಸ್ಟೆಲಿನ ಮೆಸ್ಸು ಬಂದ್ ಆಗಿತ್ತು. ಶಹಾಬಜಾರಿನಲ್ಲಿದ್ದ ಚಿಗವ್ವನ ಮನೆಗೆ ಗಂಟುಮೂಟೆ ಕಟ್ಟಿದೆ. ಅವ್ವ ಊರಿನಿಂದ ಬಸ್ಸಿನಲ್ಲಿ ಬಂದು ಕಟಿ ರೊಟ್ಟಿ, ಶೇಂಗಾ ಹಿಂಡಿ ಇಟ್ಟುಹೋದಳು. ಸ್ಕ್ಯಾನ್ ಕಾಪಿ ಬಂದದ್ದು ಆ ಮನೆಯಲ್ಲಿದ್ದಾಗಲೇ. ಚಿಗವ್ವನ ಮೊಬೈಲಿನಲ್ಲಿ ತೆರೆದೆ. ನನ್ನದೇ ಅಕ್ಷರ ಬೇರೆಯವರದರ ಹಾಗೆ ಕಂಡಿತು.

ಮೊದಲು ಕಂಡದ್ದು ಗ್ರಾಫ್. ಲೀನಿಯರ್ ಪ್ರೋಗ್ರಾಮಿಂಗಿನ ಆರು ಅಂಕದ ಪ್ರಶ್ನೆ. ಗೆರೆಗಳನ್ನು ಸರಿಯಾಗಿ ಎಳೆದಿದ್ದೆ, ಆದರೆ ಯಾವ ಭಾಗ ಅಂತ ಗೀಟು ಹಾಕಿ ತೋರಿಸಿರಲಿಲ್ಲ, ಮೂಲೆಯ ಬಿಂದುಗಳ ಪಟ್ಟಿ ಮಾಡಿರಲಿಲ್ಲ. ಕೆಳಗೆ ಸೀದಾ ಉತ್ತರ. ಉತ್ತರ ಸರಿ ಇತ್ತು! ಎರಡು ಅಂಕ ಕೊಟ್ಟಿದ್ದರು. ಮುಂದಿನದು ಮ್ಯಾಟ್ರಿಕ್ಸ್ ವಿಧಾನದಲ್ಲಿ ಮೂರು ಸಮೀಕರಣ ಬಿಡಿಸುವುದು, ಐದು ಅಂಕ. ಡಿಟರ್ಮಿನೆಂಟ್ ತೆಗೆದಿದ್ದೆ, ಅಡ್ಜಾಯಿಂಟ್ ಅರ್ಧಕ್ಕೆ ಬಿಟ್ಟು ಎಕ್ಸ್, ವೈ, ಝಡ್ ಬೆಲೆಗಳನ್ನು ಎಲ್ಲಿಂದಲೋ ಇಳಿಸಿದ್ದೆ. ಕೋಚಿಂಗಿನಲ್ಲಿ ಕಲಿಸಿದ್ದ ಶಾರ್ಟ್‌ಕಟ್ಟು, ಆಪ್ಷನ್ ಹಾಕಿ ನೋಡುವುದು. ಪರೀಕ್ಷೆಯಲ್ಲಿ ಆಪ್ಷನ್ ಇಲ್ಲದ ಕಡೆ ಅದನ್ನು ಹೇಗೆ ಮಾಡಿದೆನೋ ನನಗೇ ನೆನಪಿಲ್ಲ. ಅದಾದ ಮೇಲೆ ಒಂದು ಪೂರ್ತಿ ಖಾಲಿ ಪುಟ. ಇಂಟಿಗ್ರೇಶನ್ ಸೂತ್ರ ಸಾಧಿಸಿ ಲೆಕ್ಕ ಮಾಡುವ ಪ್ರಶ್ನೆಯ ನಂಬರು ಬರೆದು, ಆಮೇಲೆ ಬರುತ್ತೇನೆ ಅಂತ ಜಾಗ ಬಿಟ್ಟಿದ್ದೆ. ಬಂದಿರಲಿಲ್ಲ. ಮೌಲ್ಯಮಾಪಕರು ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಿದ್ದರು.

ರೀವ್ಯಾಲ್ಯುವೇಶನ್ನಿಗೆ 1670 ರೂಪಾಯಿ. ಹಾಕಲಿಲ್ಲ. ಅವರು ಕೊಟ್ಟ ಅಂಕ ನ್ಯಾಯವಾಗಿಯೇ ಇತ್ತು.

ಆ ದಿನಗಳಲ್ಲಿ ನಾನು ಓದಿದ್ದು ಕಡಿಮೆ, ಬರೆದದ್ದು ಜಾಸ್ತಿ. ಈ ಮಾತನ್ನು ಹೇಳಲು ಸುಲಭ, ಮಾಡಲು ಅಂಗೈ ಬೆವರಿ ಹಾಳೆ ಒದ್ದೆಯಾಗುತ್ತದೆ. ನಮ್ಮ ಕಲಬುರಗಿ ಏಪ್ರಿಲ್ ಅಂದರೆ ಸರ್ಕಾರಿ ಕಚೇರಿಗಳೇ ಮುಂಜಾನೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುವ ಕಾಲ. ನಾನೂ ಅದೇ ಟೈಮ್‌ಟೇಬಲ್ ಹಿಡಿದೆ. ಐದಕ್ಕೆ ಎದ್ದು ಮ್ಯಾಥ್ಸಿನ ಒಂದು ಹಳೆ ಪೇಪರ್ ಗಡಿಯಾರ ಇಟ್ಟುಕೊಂಡು ಬರೆಯುವುದು. ಒಂಬತ್ತಕ್ಕೆ ರೊಟ್ಟಿ. ಆಮೇಲೆ ಒಂದರವರೆಗೆ ಫಿಸಿಕ್ಸ್. ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿ ಮಲಗುವುದು. ಕರೆಂಟು ಹೋದರೆ ಒದ್ದೆ ಟವೆಲ್ಲು ತಲೆಗೆ. ಸಂಜೆ ಮ್ಯಾಥ್ಸ್ ಸರ್ ಹತ್ತಿರ ಬರೆದದ್ದನ್ನು ತಗೊಂಡು ಹೋಗುವುದು. ಅವರು ಉತ್ತರ ನೋಡುತ್ತಲೇ ಇರಲಿಲ್ಲ. ನಡುವಿನ ಸಾಲುಗಳ ಮೇಲೆ ಬೆರಳಿಟ್ಟು, "ಇದರಿಂದ ಇದು ಹ್ಯಾಂಗ ಬಂತು?" ಅಂತ ಕೇಳುವುದು ಒಂದೇ. ಫಿಸಿಕ್ಸ್‌ನಲ್ಲಿ ನನ್ನ ರೋಗ ಬೇರೆ, ಲೆಕ್ಕ ಸರಿ ಮಾಡಿ ಯೂನಿಟ್ ಬಿಡುವುದು, ಚಿತ್ರ ಇಲ್ಲದೆ ಡೆರಿವೇಶನ್ ಶುರು ಮಾಡುವುದು. ಲೆನ್ಸ್ ಮೇಕರ್ಸ್ ಫಾರ್ಮುಲಾದ ಚಿತ್ರವನ್ನು ಹನ್ನೊಂದು ಸಲ ಬರೆದೆ. ಎಣಿಸಿದ್ದೇನೆ. ಕೊನೆಯದನ್ನು ಚಿಗವ್ವನ ಮಗ ಹರಿದು ವಿಮಾನ ಮಾಡಿದ.

ಇದೆಲ್ಲಕ್ಕಿಂತ ತ್ರಾಸು ಕೊಟ್ಟದ್ದು ಜನರ ಬಾಯಿ. "ಹುಡುಗಿ ಇನ್ನೂ ಓದ್ಲಾಕತ್ಯಾಳಲ್ಲ, ಎಷ್ಟು ಸಬ್ಜೆಕ್ಟ್ ಹೋಗ್ಯಾವ?" ಅಂತ ಪಕ್ಕದ ಮನೆಯ ಆಯಿ ಚಿಗವ್ವನನ್ನು ಕೇಳಿದರು. ಚಿಗವ್ವ ಪಾಸಾಗಿದ್ದಾಳೆ ಅಂದರೆ ನಂಬಲಿಲ್ಲ. ಊರಲ್ಲಿ ಅಪ್ಪ ಗುಡಿ ಕಟ್ಟೆ ಮೇಲೆ ಕೂಗಿದ್ದೇ ಸುಳ್ಳು ಅಂತ ಸುದ್ದಿ ಹಬ್ಬಿತು. ಅಪ್ಪ ಒಂದು ರಾತ್ರಿ ಫೋನು ಮಾಡಿ, ಬೈಯಲೂ ಇಲ್ಲ, ಮೆಲ್ಲಗೆ ಕೇಳಿದರು: "ಯವ್ವಾ, ಖರೇ ಹೇಳು. ಪಾಸಾಗೀದಿ ಹೌದಿಲ್ಲೋ?" ಮಾರ್ಕ್ಸ್ ಕಾರ್ಡಿನ ಫೋಟೋ ಮತ್ತೆ ಕಳಿಸಿದೆ.

ಪರೀಕ್ಷೆ ಹಾಲಿನಲ್ಲೂ ಅದೇ. ನನ್ನ ಹಿಂದಿನ ಬೆಂಚಿನ ಹುಡುಗಿ, ಆಳಂದ ಕಡೆಯವಳು, ಹೊರಗೆ ಬೇವಿನ ಗಿಡದ ಕೆಳಗೆ ಮಾತಾಡಿಸಿದಳು.

"ನಿಂದು ಎಷ್ಟು ಹೋಗ್ಯಾವ?"

"ಒಂದೂ ಇಲ್ಲ. ಮಾರ್ಕ್ಸ್ ಹೆಚ್ಚು ಮಾಡ್ಕೋಬೇಕಂತ ಬಂದೀನಿ."

"ಹುಚ್ಚಿ ಇದ್ದಿಯೇನ? ಪಾಸಾದ್ರ ನಾ ಈ ಬಿಸಿಲಾಗ ಮನಿ ಬಿಟ್ಟು ಬರ್ತಿದ್ದಿಲ್ಲ ನೋಡು."

ಅವಳಿಗೆ ಗಣಿತ ಒಂದೇ ಉಳಿದಿತ್ತು. ಆ ಅರ್ಧ ತಾಸಿನಲ್ಲಿ ಅವಳಿಗೆ ಗ್ರಾಫಿನ ಪ್ರಶ್ನೆ ಹೇಗೆ ಬರೆಯಬೇಕೆಂದು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ಒಳಗೆ ಹೋಗುವಾಗ ಅವಳ ಕೈಯಲ್ಲಿ ಸ್ಕೇಲ್ ಇರಲಿಲ್ಲ, ನನ್ನ ಹತ್ತಿರ ಎರಡಿದ್ದವು.

ಮೇ 16ಕ್ಕೆ ಪರೀಕ್ಷೆ 2ರ ಫಲಿತಾಂಶ. ಫಿಸಿಕ್ಸ್ 64ರಿಂದ 78. ಮ್ಯಾಥ್ಸ್ 58ರಿಂದ 84. ಒಟ್ಟು ನಲವತ್ತು ಅಂಕ ಹೆಚ್ಚು. ಪಿಸಿಎಂ 193 ಇದ್ದದ್ದು 233 ಆಯಿತು, ಐವತ್ತಕ್ಕೆ 32.17 ಇದ್ದದ್ದು 38.83. ಇದೇ ಏರಿಕೆ ಸಿಇಟಿಯಿಂದ ಬರಬೇಕಾಗಿದ್ದರೆ ನಾನು ಅಲ್ಲಿ 73ರ ಬದಲು 97 ತೆಗೆಯಬೇಕಿತ್ತು. ನನ್ನ ಕೈಲಿ ಅದು ಆಗುತ್ತಿರಲಿಲ್ಲ. ಇನ್ನೊಂದು ವರ್ಷ ಕೊಟ್ಟರೂ ಆಗುತ್ತಿತ್ತೋ ಇಲ್ಲವೋ.

ಮೇ 24ಕ್ಕೆ ಸಿಇಟಿ ಫಲಿತಾಂಶ ಬಂದಾಗ ರ‍್ಯಾಂಕಿಗಿಂತ ಮೊದಲು ನೋಡಿದ್ದು ಅದರೊಳಗಿನ ಪಿಯು ಅಂಕದ ಕಾಲಮ್ಮನ್ನು. ಮ್ಯಾಥ್ಸ್ 84 ಅಂತ ಇತ್ತು. ಆಮೇಲೆ ಉಸಿರು ಬಿಟ್ಟೆ. ಎರಡೂ ಸೇರಿ ನೂರಕ್ಕೆ 59.11. ಹಳೆ ಅಂಕದಲ್ಲಿದ್ದರೆ 52.44 ಆಗುತ್ತಿತ್ತು, ಆದರೆ ಆಗ ಯಾವ ರ‍್ಯಾಂಕು ಬರುತ್ತಿತ್ತು ಅಂತ ಗೊತ್ತಾಗುವ ದಾರಿ ಇಲ್ಲ, ರ‍್ಯಾಂಕು ಬರುವುದು ಒಂದೇ ಸಲ. ನನ್ನ ಕೋಚಿಂಗಿನ ಗೆಳತಿಯೊಬ್ಬಳ ರ‍್ಯಾಂಕು ನೋಡಿ ಅಂದಾಜು ಮಾಡಿಕೊಂಡೆ. ಅವಳಿಗೆ ಸಿಇಟಿಯಲ್ಲಿ ನನಗಿಂತ ಮೂರು ಅಂಕ ಹೆಚ್ಚು, ಪಿಯು ಪಿಸಿಎಂ 195, ಪರೀಕ್ಷೆ 2 ಬರೆದಿರಲಿಲ್ಲ. ಅವಳು ನನಗಿಂತ ಇಪ್ಪತ್ತು ಸಾವಿರಕ್ಕೂ ಹಿಂದೆ ನಿಂತಿದ್ದಳು. ಅವಳು ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ನಾನು ಪರೀಕ್ಷೆ 2 ಕಟ್ಟಿದ್ದನ್ನು ಅವಳಿಗೆ ಹೇಳಿದ್ದೆ, ಆದರೆ ಈ ಐದಕ್ಕೆ ಮೂರರ ಲೆಕ್ಕ ಹೇಳಿರಲಿಲ್ಲ. ಹೇಳಬೇಕಿತ್ತು. ಇವತ್ತಿಗೂ ಅದು ಚುಚ್ಚುತ್ತದೆ.

ಸೀಟು ಸಿಕ್ಕದ್ದು ಬರೀ ಅಂಕದಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಸಂವಿಧಾನದ 371(ಜೆ) ಕಲಂ ಇದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಇಲ್ಲಿಯವರಿಗೆ ನೂರಕ್ಕೆ 70 ಸೀಟು, ಉಳಿದ ಕಡೆ ಶೇಕಡಾ 8. ಸಹಾಯಕ ಆಯುಕ್ತರ ಸಹಿ ಇರುವ ಆ ಸರ್ಟಿಫಿಕೇಟನ್ನು ಅಪ್ಪ ನಾನು ಫಸ್ಟ್ ಪಿಯುದಲ್ಲಿದ್ದಾಗಲೇ ಮಾಡಿಸಿ, ಪ್ಲಾಸ್ಟಿಕ್ ಹಾಕಿಸಿ, ತೊಗರಿ ಮಾರಿದ ಚೀಟಿಗಳ ಜೊತೆ ಟ್ರಂಕಿನಲ್ಲಿಟ್ಟಿದ್ದರು. ಹತ್ತನೇ ತರಗತಿವರೆಗೂ ಹಳ್ಳಿ ಶಾಲೆ, ಕನ್ನಡ ಮಾಧ್ಯಮ ಅನ್ನುವುದಕ್ಕೆ ಬಿಇಓ ಸಹಿ ಬೇರೆ. ಆದರೆ ಮೀಸಲಾತಿಯ ಸಾಲಿನೊಳಗೂ ಮುಂದೆ ಹಿಂದೆ ನಿಲ್ಲಿಸುವುದು ರ‍್ಯಾಂಕೇ. ಸೀಟು ಹಂಚಿಕೆಯ ಮಾಕ್ (ಅಣಕು) ಸುತ್ತಿನಲ್ಲಿ ಬೀದರ್ ಜಿಲ್ಲೆಯ ಕಾಲೇಜು ತೋರಿಸಿತು. ಮೊದಲ ಸುತ್ತಿನಲ್ಲಿ ಕಲಬುರಗಿಯಲ್ಲೇ ಎಲೆಕ್ಟ್ರಿಕಲ್. ಸಿಕ್ಕದ್ದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ನಿಲ್ಲುವ ಚಾಯ್ಸ್ 2 ಒತ್ತಿದೆ. ಎರಡನೇ ಸುತ್ತಿನಲ್ಲಿ ಅದೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಬಂತು. ಈಗ ಎರಡನೇ ವರ್ಷದಲ್ಲಿದ್ದೇನೆ.

ನನ್ನ ಕಥೆ ಕೇಳಿ ಎಲ್ಲರೂ ಪರೀಕ್ಷೆ 2 ಕಟ್ಟುವುದು ಬೇಡ. ಹಾಸ್ಟೆಲಿನ ನನ್ನ ರೂಮ್‌ಮೇಟ್ ನೀಟ್ ಬರೆದವಳು. ಮೆಡಿಕಲ್ ಸೀಟಿಗೆ ಪಿಸಿಬಿಯಲ್ಲಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಜನರಲ್‌ನವರಿಗೆ 50, ಮೀಸಲಾತಿಯವರಿಗೆ 40 ಪರ್ಸೆಂಟ್ ಇದ್ದರೆ ಸಾಕು, ಅದರ ಮೇಲೆ ಎಷ್ಟು ಬಂದರೂ ರ‍್ಯಾಂಕಿಗೆ ಒಂದು ಕಾಳಷ್ಟೂ ಸೇರುವುದಿಲ್ಲ. ಅವಳು ನನ್ನನ್ನು ನೋಡಿ ಬಯಾಲಜಿ ಮತ್ತೆ ಕಟ್ಟಲು ಹೊರಟಿದ್ದಳು, ನಾನೇ ತಡೆದೆ. ಜೆಇಇ ಬರೆದು ಕೇಂದ್ರದ ಇಂಜಿನಿಯರಿಂಗ್ ಕಾಲೇಜುಗಳಾದ ಎನ್‌ಐಟಿ ಕಡೆ ಮುಖ ಮಾಡಿದವರ ಸ್ಥಿತಿ ಇನ್ನೊಂದು. ಅಲ್ಲಿ ಬೋರ್ಡ್ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಆದರೆ 75 ಪರ್ಸೆಂಟಿನ ಗೆರೆ ಇದೆ, ಎಸ್‌ಸಿ, ಎಸ್‌ಟಿಯವರಿಗೆ 65. ಗೆರೆಯ ಕೆಳಗೆ 73ಕ್ಕೆ ನಿಂತವರಿಗೆ ಒಂದು ವಿಷಯ ಮತ್ತೆ ಬರೆಯುವುದು ದೊಡ್ಡ ಮಾತು, ಮೇಲಿದ್ದವರಿಗೆ ಏನೂ ಅಲ್ಲ. ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿಗೆ ಡಿಗ್ರಿ ಸೇರುವವರು ಸಿಯುಇಟಿ ಅನ್ನುವ ಬೇರೆ ಪ್ರವೇಶ ಪರೀಕ್ಷೆ ನೋಡಿಕೊಳ್ಳಬೇಕು. ಎಸ್ಸೆಸ್ಸೆಲ್ಸಿ ಅಂಕ, ಫಸ್ಟ್ ಪಿಯು ಅಂಕ ಸಿಇಟಿ ರ‍್ಯಾಂಕಿಗೆ ಬರುವುದೇ ಇಲ್ಲ. ನಮ್ಮ ಊರಿನ ಅರ್ಧ ಜನ ಇವತ್ತಿಗೂ ಅದನ್ನು ಕೇಳಿಯೇ ಹುಡುಗರ ಹಣೆಬರಹ ಹೇಳುತ್ತಾರೆ, ಅದು ಬೇರೆ ಮಾತು.

ಆ ಸ್ಕ್ಯಾನ್ ಕಾಪಿ ಇನ್ನೂ ಮೊಬೈಲಿನಲ್ಲಿದೆ. ಮೊನ್ನೆ ಚಿಗವ್ವನ ಓಣಿಯ ಒಬ್ಬ ಹುಡುಗಿ, ಸೆಕೆಂಡ್ ಪಿಯು, ಮ್ಯಾಥ್ಸ್ ಕೇಳಲು ಬಂದಿದ್ದಳು. ಅವಳಿಗೆ ತೋರಿಸಿದೆ. ಗ್ರಾಫು, ಮ್ಯಾಟ್ರಿಕ್ಸು ದಾಟಿ ಆ ಪುಟಕ್ಕೆ ಬಂದಾಗ ಬೆರಳು ನಿಲ್ಲಿಸಿ ಕೇಳಿದಳು:

"ಅಕ್ಕಾ, ಇಲ್ಲಿ ಏನೂ ಬರದೇ ಇಲ್ಲಲ್ಲ, ಮತ್ತ ಗೆರಿ ಯಾಕ ಹೊಡದಾರ?"